ಕಾವಳದಿಂದ ಕಡಲಿಗೆ

ಪಣಕಹಳ್ಳಿಯಿಂದ ಸಮುದ್ರ ದೂರ. ತಾಳವಾಡಿ ಬೆಟ್ಟಸೀಮೆಯಲ್ಲಿ ಹುಟ್ಟಿದವರಿಗೆ ಪೂರ್ವದ ಕಡಲೂ ಪಶ್ಚಿಮದ ಕಡಲೂ ಒಂದು ದಿನದ ಪ್ರಯಾಣ. ಆದರೂ ಕಡಲಿನ ಚಿತ್ರ ತೆಗೆಯುವ ಮೊದಲ ಪಾಠ ನನಗಾದದ್ದು ಇಲ್ಲೇ, ರಾಗಿ ಹೊಲದ ಅಟ್ಟಣೆಯ ಮೇಲೆ. ಸುಗ್ಗಿಯ ಹೊತ್ತಿಗೆ ಆನೆ ಕಾಯಲು ರಾತ್ರಿಯೆಲ್ಲ ಅಲ್ಲಿ ಕೂರಬೇಕು. ಬೆಳಗಿನ ಜಾವಕ್ಕೆ ಹಳ್ಳದ ಕಡೆಯಿಂದ ಬಿಳಿಯದೊಂದು ಮೆಲ್ಲಗೆ ಮೇಲೇರಿ ಬದುಗಳನ್ನು ಮುಳುಗಿಸಿ, ಹುಣಸೆಮರದ ನೆತ್ತಿಯನ್ನಷ್ಟೇ ಹೊರಗೆ ಬಿಡುತ್ತಿತ್ತು. "ಕಾವಳ ಕವ್ಕೊಂಡದ, ಬಿಸ್ಲು ಬರಗಂಟ ಅಟ್ಟಣೆ ಬುಟ್ಟು ಇಳೀಬ್ಯಾಡ ಕಣ್ ಮಗ" ಎಂದು ಅಜ್ಜಿ ಹೇಳಿ ಕಳಿಸುತ್ತಿದ್ದರು. ಕಾವಳದೊಳಗೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಹಾಗಾಗಿ ಇಳಿಯದೆ ನೋಡುತ್ತ ಕೂತೆ. ಕೈಗೆ ಕ್ಯಾಮೆರಾ ಬಂದ ಮೇಲೂ ಅಲ್ಲೇ ಕೂತೆ.

ನಮ್ಮಲ್ಲಿ ಹಿಂಗಾರು ಮಳೆ ನೆಲವನ್ನು ಒದ್ದೆಯಾಗಿಯೇ ಬಿಟ್ಟುಹೋಗುತ್ತದೆ. ಅದಾದ ಮೇಲೆ ಬರುವ ಮಾಗಿಯ ರಾತ್ರಿಗಳಲ್ಲಿ ಮೋಡವಿರುವುದಿಲ್ಲ. ನೆಲದ ಕಾವು ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ಭಾರ. ಅದು ನೀರಿನಂತೆಯೇ ಇಳಿಜಾರು ಹಿಡಿದು ತಗ್ಗಿಗೆ ಹರಿದು ನಿಲ್ಲುತ್ತದೆ, ಅದರಲ್ಲಿದ್ದ ತೇವ ಸಣ್ಣ ಹನಿಗಳಾಗುತ್ತದೆ. ಕಾವಳವೆಂದರೆ ಇಷ್ಟೇ. ಅದನ್ನು ಮೊದಲ ಸಲ ಚಿತ್ರ ತೆಗೆದಾಗ ಹಾಲಿನಂತಿದ್ದದ್ದು ಒಲೆಯ ಬೂದಿಯ ಬಣ್ಣಕ್ಕೆ ಬಂತು. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದುಕೊಂಡೇ ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಮರಳಿಸುವ ಬೂದು ಅದು. ಬಿಳಿಯನ್ನು ತೋರಿಸಿದರೆ ಬೂದುಮಾಡಿ ಕೊಡುತ್ತದೆ. ಅಳತೆ ಹೇಳಿದ್ದರ ಮೂರು, ನಾಲ್ಕು ಪಟ್ಟು ಬೆಳಕು ಕೊಟ್ಟರೆ ಮಾತ್ರ ಬಿಳಿ ಬಿಳಿಯಾಗಿ ಬರುತ್ತದೆ. ನೊರೆಗೂ ಕಪ್ಪೆಚಿಪ್ಪಿನ ದಂಡೆಗೂ ಇದೇ ಲೆಕ್ಕ ಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಚಳಿಗಾಲದ ಕಡಲಚಿತ್ರ ಕಲಿಸುವ ಪುಸ್ತಕಗಳು ಹೆಚ್ಚಾಗಿ ಉತ್ತರದ ದ್ವೀಪಗಳ ಬೆಳಕಿಗೆ ಬರೆದವು. ನಾರ್ವೆಯ ಲೋಫೋಟನ್ ದ್ವೀಪಗಳು 68 ಡಿಗ್ರಿ ಅಕ್ಷಾಂಶದಲ್ಲಿವೆ. ಅಲ್ಲಿ ಜನವರಿ ಕೊನೆಯಲ್ಲಿ ನಡುಮಧ್ಯಾಹ್ನದಲ್ಲೂ ಸೂರ್ಯ ಬಾನಂಚಿನಿಂದ ನಾಲ್ಕೈದು ಡಿಗ್ರಿಯಷ್ಟೇ ಏರುತ್ತಾನೆ. ಹಗಲಿರುವುದು ಸುಮಾರು ಐದು ಗಂಟೆ, ಆ ಐದು ಗಂಟೆಯೂ ನಮ್ಮ ಸಂಜೆಯ ಹೊಂಬೆಳಕೇ. ಕಲಿಯುವವರು ತಪ್ಪುಮಾಡಿ, ತಿದ್ದಿಕೊಂಡು, ಇನ್ನೊಮ್ಮೆ ತೆಗೆಯಬಹುದು. ಆ ಪಾಠವನ್ನು ಕಂಠಪಾಠ ಮಾಡಿಕೊಂಡು ನಾನು ಹೋದದ್ದು ಪಶ್ಚಿಮ ಕರಾವಳಿಯ ಮಲ್ಪೆಗೆ. ಮಲ್ಪೆಯಿರುವುದು 13 ಡಿಗ್ರಿ ಚಿಲ್ಲರೆಯಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಬಾವಿಗೆ ಬಿಟ್ಟ ಕೊಡದಂತೆ ನೆಟ್ಟಗೆ ಇಳಿಯುತ್ತಾನೆ. ಡಿಸೆಂಬರಿನಲ್ಲೂ ಕೊನೆಯ ಆರು ಡಿಗ್ರಿ ಇಳಿಯಲು ಅರ್ಧ ಗಂಟೆ ಸಾಕು. ಮುಳುಗಿದ ಮೇಲೆ ಮೂರು ನಾಲ್ಕು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕರ್ಧ ಕುಗ್ಗುತ್ತದೆ. ಮೊದಲ ಸಂಜೆ ನಾನು ಟ್ರೈಪಾಡಿನ ಕಾಲು ಬಿಗಿಮಾಡುವಷ್ಟರಲ್ಲಿ ಕತ್ತಲಾಗಿತ್ತು.

ಇನ್ನೊಂದು ಎಡವಟ್ಟೂ ಆಯಿತು. ಬೇಸಿಗೆ ರಜೆಯಲ್ಲಿ ಬಂದಿದ್ದಾಗ ಸೂರ್ಯ ಮುಳುಗುವ ಜಾಗವನ್ನು ಗುರುತುಮಾಡಿಟ್ಟುಕೊಂಡಿದ್ದೆ. ಡಿಸೆಂಬರಿನಲ್ಲಿ ಅವನು ಅಲ್ಲಿರಲಿಲ್ಲ. ಜೂನಿನಲ್ಲಿ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಮುಳುಗುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆ ಮಾತಿನಲ್ಲಿ ಆಕಾಶದಂಚಿನ 48 ಡಿಗ್ರಿ ಅಡಗಿದೆಯೆಂದು ನನಗೆ ತಿಳಿದದ್ದು ಖಾಲಿ ದಿಗಂತದ ಎದುರು ನಿಂತಾಗ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಊರವರು ತೋನ್ಸೆಪಾರ್ ಎನ್ನುವುದುಂಟು. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಚಳಿಗಾಲದಲ್ಲಿ ಕಡಲು ಶಾಂತವಾಗಿರುತ್ತದೆ, ದೋಣಿಯವರು ಕರೆದೊಯ್ದು ಕತ್ತಲಾಗುವ ಮುಂಚೆ ವಾಪಸು ತರುತ್ತಾರೆ. ಇರುಳು ಅಲ್ಲಿ ಉಳಿಯುವಂತಿಲ್ಲ. ಅಂದರೆ ಪುಸ್ತಕ ಹೇಳುವ ಹೊಂಬೆಳಕು ದ್ವೀಪದ ಮೇಲೆ ಸಿಗುವುದೇ ಇಲ್ಲ. ಹಾಗಾದರೆ ಅಲ್ಲಿಗೆ ಯಾಕೆ ಹೋಗಬೇಕು? ಕಲ್ಲಿಗಾಗಿ.

ಆ ಕಲ್ಲುಗಳೆದುರು ನಾನು ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ಯಾರೋ ಕೆತ್ತಿ ಜೋಡಿಸಿದಂತೆ ಐದು ಮೂಲೆಯ, ಆರು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿಗೆ ಅಂಟಿಕೊಂಡಿದ್ದು, ಬೇರೆಯಾಗುತ್ತಿದ್ದ ಕಾಲದಲ್ಲಿ, ಎಂಟೂವರೆ ಒಂಬತ್ತು ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಇದು. ಹಾಗಾಗಿ ದಖ್ಖನ್ನಿನ ಕಪ್ಪುಕಲ್ಲಿಗಿಂತ ಸುಮಾರು ಎರಡು ಕೋಟಿ ವರ್ಷ ಹಳೆಯದು. ಲಾವಾ ಆರುವಾಗ ಕುಗ್ಗುತ್ತದೆ. ಕೆರೆಯ ಕೆಸರು ಒಣಗಿ ಬಿರಿಯುವಂತೆ ಮೇಲ್ಮೈ ಬಿರಿಯುತ್ತದೆ, ಆಮೇಲೆ ಕಾವು ಆರಿದಂತೆಲ್ಲ ಬಿರುಕು ಒಳಕ್ಕೆ ಇಳಿಯುತ್ತದೆ. ಮೂರು ಬಿರುಕು 120 ಡಿಗ್ರಿಯಲ್ಲಿ ಕೂಡಿದರೆ ಎಳೆತ ಮೂರೂ ಕಡೆ ಸಮವಾಗಿ ಸಡಿಲುತ್ತದೆ, ಅದರಿಂದಲೇ ಆರು ಮೂಲೆ. ಇಂಥ ಕಂಬಗಳು ಹೆಚ್ಚಾಗಿ ಕಪ್ಪು ಬಸಾಲ್ಟಿನಲ್ಲಿ ಕಾಣುತ್ತವೆ, ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿರುವಂತೆ. ಮಲ್ಪೆಯವು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಇಂಥ ಕಲ್ಲಿಗೆ ಹಗಲ ಬೆಳಕೇ ಒಪ್ಪುತ್ತದೆ, ಅದೂ ಚಳಿಗಾಲದ್ದು. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ, ನಡುಹಗಲಲ್ಲಿ ಕಂಬಗಳ ಮುಖದಲ್ಲಿ ನೆರಳೇ ಇರುವುದಿಲ್ಲ. ಡಿಸೆಂಬರಿನ ಮಧ್ಯಾಹ್ನ ಅವನು ದಕ್ಷಿಣದಲ್ಲಿ 53 ಡಿಗ್ರಿ ಎತ್ತರಕ್ಕೆ ನಿಂತುಬಿಡುತ್ತಾನೆ. ಕಂಬದ ಒಂದು ಮುಖ ಬೆಳಗಿ, ಪಕ್ಕದ್ದು ನೆರಳಾಗಿ, ಮೂಲೆ ಎದ್ದು ಕಾಣುತ್ತದೆ.

ಒದ್ದೆ ಬಂಡೆ ಮತ್ತು ನೀರಿನ ಥಳಕು ಅಡ್ಡಬಂದಾಗ ಲೆನ್ಸಿನ ಮುಂದಿನ ಪೋಲರೈಸರ್ ಗಾಜನ್ನು ತಿರುಗಿಸುತ್ತೇನೆ. ನೀರಿನ ಮೇಲ್ಮೈಗೆ 37 ಡಿಗ್ರಿ ಓರೆಯಲ್ಲಿ ಮರಳಿ ಬರುವ ಬೆಳಕಿನ ಕಂಪನವೆಲ್ಲ ಒಂದೇ ಸಮತಲದಲ್ಲಿರುತ್ತದೆ, ಆ ಗಾಜು ಅದನ್ನು ಪೂರಾ ತಡೆಯುತ್ತದೆ. ಥಳಕು ಹೋಗಿ ಕಲ್ಲುಗುಂಡಿಯ ತಳ ಕಾಣುತ್ತದೆ. ಪೂರ್ತಿ ತಿರುಗಿಸಿದರೆ ನೀರು ನೀರೆಂದೇ ಅನ್ನಿಸುವುದಿಲ್ಲ. ಸ್ವಲ್ಪ ಥಳಕು ಉಳಿಸುವುದೇ ನನಗೆ ಸರಿ ಕಂಡಿದೆ.

ಕಂಬಗಳ ಬುಡ ಕಾಣಬೇಕಾದರೆ ಇಳಿತದ ಹೊತ್ತು ಬೇಕು. "ಅಮಾಸೆಯೋ ಹುಣ್ಣಿಮೆಯೋ ನೋಡಿಕೊಂಡು ಬನ್ನಿ ಮಾರಾಯ್ರೆ, ಆಗ ನೀರು ಚಂದ ಇಳೀತದೆ" ಎಂದರು ದೋಣಿಯವರೊಬ್ಬರು. ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಬೀಳುವ ದಿನಗಳವು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವ ಉಬ್ಬರ ಇಳಿತಗಳಿಗೆ ಅಂದಿನಿಂದ ನಾನು ಪಂಚಾಂಗ ನೋಡತೊಡಗಿದೆ. ಅಲೆಗೆ ಬೆನ್ನು ಹಾಕಬೇಡಿ ಎಂದೂ ಅವರು ಹೇಳಿದರು. ಕೆಮ್ಮಣ್ಣಿನ ನೆಲದಲ್ಲಿ ನಡೆದ ಕಾಲಿಗೆ ಪಾಚಿಗಟ್ಟಿದ ಕಲ್ಲು ಹೊಸದು, ಆ ಎಚ್ಚರ ನನ್ನನ್ನು ಎರಡು ಸಲ ಉಳಿಸಿದೆ.

ಇನ್ನು ಅಲೆ. ಚಳಿಗಾಲದಲ್ಲಿ ಅರಬ್ಬಿ ಸಮುದ್ರ ಶಾಂತವಾಗಿದ್ದರೂ ಸುಮ್ಮನಿರುವುದಿಲ್ಲ. ಅರೇಬಿಯಾದ ಕಡೆ ಬೀಸುವ ಶಮಾಲ್ ಎಂಬ ವಾಯವ್ಯ ಗಾಳಿ ಎಬ್ಬಿಸಿದ ಅಲೆಗಳು ಕಡಲು ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮುಟ್ಟುತ್ತವೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಇವನ್ನು ಅಳೆದು ಗುರುತಿಸಿದ್ದಾರೆ. ಆರೇಳು ಸೆಕೆಂಡಿಗೊಂದರಂತೆ ಬರುವ ಈ ಅಲೆಯನ್ನು ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಹಿಡಿದರೆ ಹನಿಹನಿಯೂ ಗಾಜಿನ ಚೂರಿನಂತೆ ನಿಲ್ಲುತ್ತದೆ. ಅರ್ಧ ಸೆಕೆಂಡು ಶಟರ್ ತೆರೆದಿಟ್ಟರೆ ಹಿಂದಕ್ಕೆ ಹರಿಯುವ ನೊರೆ ಕಂಬಗಳ ಸಂದಿಯಲ್ಲಿ ಗೆರೆ ಎಳೆಯುತ್ತದೆ. ನನಗೆ ತುಂಬ ಇಷ್ಟವಾದ ಅಳತೆ ಇದು. ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸುವ ಕಪ್ಪು ಎನ್‌ಡಿ ಗಾಜು ಹಾಕಿದರೆ ಸೆಕೆಂಡಿನ ಅರವತ್ತನೇ ಒಂದು ಭಾಗ ಹದಿನೇಳು ಸೆಕೆಂಡಾಗುತ್ತದೆ, ಅಷ್ಟರಲ್ಲಿ ಎರಡು ಮೂರು ಅಲೆ ಬಂದು ಹೋಗಿರುತ್ತವೆ. ಆ ಚಿತ್ರ ಕ್ಯಾಮೆರಾದ ಪರದೆಯ ಮೇಲೆ ಮೂಡಿದಾಗ ನಾನು ಬೆಚ್ಚಿದೆ. ಅದು ಕಡಲಲ್ಲ, ನಮ್ಮೂರಿನ ಕಾವಳ. ಕಂಬಗಳ ಜಾಗದಲ್ಲಿ ಹುಣಸೆಮರ ಇಟ್ಟರೆ ಅಟ್ಟಣೆಯಿಂದ ಕಂಡದ್ದೇ ಕಣ್ಣೆದುರಿಗಿತ್ತು.

ಹೋಲಿಕೆ ಬರೀ ಕಣ್ಣಿನದಲ್ಲ. ನೀರಿನ ಮೇಲ್ಮೈಯಲ್ಲಿ ಅಲೆ ಓಡುವುದು ಕೆಳಗಿನ ನೀರು ಭಾರ, ಮೇಲಿನ ಗಾಳಿ ಹಗುರ ಎಂಬ ಕಾರಣಕ್ಕೆ. ಏರಿದ ನೀರನ್ನು ಗುರುತ್ವ ಕೆಳಗೆಳೆಯುತ್ತದೆ. ಕಾವಳದಲ್ಲೂ ಕೆಳಗೆ ತಣ್ಣನೆಯ ಭಾರದ ಗಾಳಿ, ಮೇಲೆ ಬೆಚ್ಚನೆಯ ಹಗುರ ಗಾಳಿ. ಆದರೆ ಐದು ಡಿಗ್ರಿ ಉಷ್ಣತೆಯ ಅಂತರವಿದ್ದರೂ ಭಾರದಲ್ಲಿ ನೂರಕ್ಕೆ ಎರಡು ಪಾಲೂ ವ್ಯತ್ಯಾಸವಿರುವುದಿಲ್ಲ. ನೀರಾದರೋ ಗಾಳಿಗಿಂತ ಎಂಟುನೂರು ಪಟ್ಟು ಭಾರ. ಹಾಗಾಗಿ ಕಾವಳದ ಅಲೆಯನ್ನು ಕೆಳಗೆಳೆಯುವ ಬಲ ತೀರಾ ಕಡಿಮೆ, ಅದೇ ಉದ್ದದ ಕಡಲ ಅಲೆಯ ಹತ್ತನೇ ಒಂದು ಭಾಗದಷ್ಟು ವೇಗದಲ್ಲಿ ತೆವಳುತ್ತದೆ. ಕಣ್ಣಿಗೆ ಅದು ನಿಂತಂತೆ ಕಾಣುತ್ತದೆ.

ಹೋದ ಮಾಗಿಯಲ್ಲಿ ಅಟ್ಟಣೆಯ ಮೇಲೆ ಟ್ರೈಪಾಡ್ ಕಟ್ಟಿ, ಸೆಕೆಂಡಿಗೊಂದು ಚಿತ್ರದಂತೆ ಒಂದು ಗಂಟೆ ಬಿಟ್ಟೆ. 3600 ಚಿತ್ರ. ಸೆಕೆಂಡಿಗೆ 25ರಂತೆ ಓಡಿಸಿದರೆ ಎರಡು ನಿಮಿಷ 24 ಸೆಕೆಂಡು. ಮನೆಗೆ ಬಂದು ಅಜ್ಜಿಯ ಪಕ್ಕ ಕೂತು ಓಡಿಸಿದೆ. ಬಿಳಿಯ ಅಲೆಗಳು ಹಳ್ಳದಿಂದ ಸಾಲಾಗಿ ಎದ್ದು ಬಂದವು, ಗುಡ್ಡದ ಮೂಗಿಗೆ ಬಡಿದು ಒಡೆದವು, ಹಿಂದಕ್ಕೆ ಸರಿದು ಮತ್ತೆ ಬಂದವು. ಅಜ್ಜಿ ಕಡಲು ಕಂಡವರಲ್ಲ. ಪರದೆಯ ಹತ್ತಿರ ಬಾಗಿ, "ಇದು ಯಾವೂರ್ ಸಮುದ್ರ ಮಗ?" ಎಂದರು.