ಬಯಸದೆ ಬಂದ ಆಸ್ತಿ, ಬಯಸದೆ ಮಾಡಿದ ಸೇವೆ

ಒಡಿಶಾದ ಕಟಕ್ ನಗರದಲ್ಲಿ 2021ರಲ್ಲಿ ಅರವತ್ತು ದಾಟಿದ ವಿಧವೆಯೊಬ್ಬರು ತಮ್ಮ ಮೂರಂತಸ್ತಿನ ಮನೆಯನ್ನೂ ಒಡವೆಗಳನ್ನೂ ರಿಕ್ಷಾ ಎಳೆಯುವ ಶ್ರಮಿಕರೊಬ್ಬರಿಗೆ ಬರೆದುಕೊಟ್ಟರು. ಆಸ್ತಿಯ ಬೆಲೆ ಸುಮಾರು ಒಂದು ಕೋಟಿ ರೂಪಾಯಿ ಎಂದು ವರದಿಯಾಯಿತು. ಪತಿಯನ್ನೂ ಅನಂತರ ಮಗಳನ್ನೂ ಅಲ್ಪ ಅವಧಿಯಲ್ಲೇ ಕಳೆದುಕೊಂಡಿದ್ದ ಆ ತಾಯಿಗೆ ಆಸರೆಯಾದದ್ದು, 25 ವರ್ಷಗಳಿಂದ ಆ ಮನೆಯವರನ್ನು ರಿಕ್ಷಾದಲ್ಲಿ ಕರೆದೊಯ್ಯುತ್ತಿದ್ದ ಆ ಶ್ರಮಿಕರ ಕುಟುಂಬ. ಒಡಹುಟ್ಟಿದವರು ಒಪ್ಪದಿದ್ದರೂ ಅವರ ನಿರ್ಧಾರ ಬದಲಾಗಲಿಲ್ಲ.

ಚೀನಾದ ಶಾಂಘೈ ನಗರದಲ್ಲಿಯೂ ಇಂಥದೇ ಪ್ರಸಂಗ ನಡೆದಿದೆ. ಹೆಂಡತಿ, ಮಗ ಇಬ್ಬರನ್ನೂ ಕಳೆದುಕೊಂಡ ವೃದ್ಧರೊಬ್ಬರು ಮನೆಯ ಹತ್ತಿರದ ಹಣ್ಣಿನ ವ್ಯಾಪಾರಿಯನ್ನು ಕುಟುಂಬಸಮೇತ ತಮ್ಮೊಡನೆ ಇರಿಸಿಕೊಂಡರು. ಕೊನೆಯವರೆಗೆ ನೋಡಿಕೊಂಡರೆ ಆಸ್ತಿ ಅವರದೆಂದು ಕರಾರು ಮಾಡಿಕೊಟ್ಟರು. 2021ರ ಕೊನೆಯಲ್ಲಿ ಅವರು ತೀರಿಕೊಂಡಾಗ, ಕರಾರಿನ ಕಾಲಕ್ಕೆ ಅವರ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ಬಂಧುಗಳು ತಕರಾರು ತೆಗೆದರು. ನ್ಯಾಯಾಲಯ ವ್ಯಾಪಾರಿಯ ಪರವಾಗಿ ತೀರ್ಪಿತ್ತಿತು.

ಇವು ದೂರದ ಊರುಗಳ ಸುದ್ದಿ ಎನ್ನುವಂತಿಲ್ಲ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರುಗಳಲ್ಲಿಯೂ ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಿರಿಯರು ಒಂಟಿಯಾಗಿ ಉಳಿಯುತ್ತಾರೆ. ದಿನಸಿ ಅಂಗಡಿಯವರು, ಹಾಲು ಹಾಕುವವರು, ಔಷಧಿ ಅಂಗಡಿಯವರು, ಆಟೋ ಓಡಿಸುವವರು ಇವರೇ ದಿನವೂ ಬಾಗಿಲಲ್ಲಿ ಕಾಣುವ ಮುಖಗಳು. ಅಜ್ಜಿಗೆ ಜ್ವರ ಬಂದದ್ದು ಮಗನಿಗಿಂತ ಮೊದಲು ಅಂಗಡಿಯವರಿಗೆ ತಿಳಿಯುತ್ತದೆ. ಇಂಥ ಬಾಂಧವ್ಯದ ಕೊನೆಯಲ್ಲಿ ಮನೆಯೋ ತೋಟವೋ ಕೈಗೆ ಬಂದರೆ ಅದನ್ನು ಸ್ವೀಕರಿಸುವುದು ಧರ್ಮವೇ? ಶ್ರಾವಕಾಚಾರ ಇದನ್ನು ಹೇಗೆ ಕಾಣುತ್ತದೆ?

ಮೊದಲನೆಯದು ಅಚೌರ್ಯಾಣುವ್ರತದ ಪರೀಕ್ಷೆ. ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಒಡೆಯನು ಕೊಡದಿರುವ ಪರರ ವಸ್ತುವನ್ನು ತಾನೂ ತೆಗೆದುಕೊಳ್ಳದೆ, ಇತರರಿಗೂ ಕೊಡದೆ ಇರುವುದೇ ಈ ವ್ರತವೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಆಶಯ. ಆದ್ದರಿಂದ ಕೊಟ್ಟದ್ದನ್ನು ಪಡೆಯುವುದು ಕಳವಲ್ಲ. ಆದರೆ ಅದು ನಿಜವಾಗಿಯೂ ಕೊಟ್ಟದ್ದೇ? ಮರೆವು ಕವಿದ ಮನಸ್ಸು, ಒಂಟಿತನದ ಭಯ, ‘ಇವರೂ ಬರದಿದ್ದರೆ ನನಗೆ ಯಾರು ಗತಿ’ ಎಂಬ ದೈನ್ಯ ಇವು ಹಾಕಿಸಿದ ಸಹಿಯನ್ನು ದಾನವೆನ್ನಲಾಗದು. ಕಾಗದ ಕೊಟ್ಟಿದೆ, ಮನಸ್ಸು ಕೊಟ್ಟಿಲ್ಲ ಎಂದಾದರೆ ಅದು ಅದತ್ತವೇ.

ದೇಶದ ಕಾನೂನೂ ಇದೇ ಎಚ್ಚರವನ್ನು ಹೇಳುತ್ತದೆ. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ವ್ಯಕ್ತಿ ತನ್ನ ಸ್ವಂತ ಆಸ್ತಿಯನ್ನು ಉಯಿಲಿನ ಮೂಲಕ ಬಂಧುವಲ್ಲದವರಿಗೂ ಬಿಟ್ಟುಹೋಗಬಹುದು. ಉಯಿಲಿಗೆ ಕನಿಷ್ಠ 2 ಸಾಕ್ಷಿಗಳಿರಬೇಕು. ಮೈಸೂರಿನಿಂದ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1958ರಲ್ಲಿಯೇ ಒಂದು ಸೂತ್ರವನ್ನು ಖಚಿತಪಡಿಸಿತು: ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಗಿ, ಅದರಿಂದ ದೊಡ್ಡ ಲಾಭವನ್ನೂ ಪಡೆದಿದ್ದರೆ, ಸಂಶಯವನ್ನು ನಿವಾರಿಸುವ ಹೊಣೆ ಅವರದೇ. ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯರಿಂದ ಆಸ್ತಿ ಪಡೆದು ಅನಂತರ ಕೈಬಿಟ್ಟರೆ, ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಲು 2007ರ ಹಿರಿಯ ನಾಗರಿಕರ ಕಾಯಿದೆ ಅವಕಾಶವಿತ್ತಿದೆ.

ಕಾನೂನು ಕಾಗದವನ್ನು ನೋಡುತ್ತದೆ. ಧರ್ಮ ಅಂತರಂಗವನ್ನು ನೋಡುತ್ತದೆ. ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ ನಿಲುವು. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಧರ್ಮಾಚರಣೆಗೆ ಪ್ರತಿಯಾಗಿ ಭೋಗವನ್ನು ಬಯಸುವುದೇ ನಿದಾನ. ಮುಂಜಾನೆ ಮಾತ್ರೆ ತಂದುಕೊಡುವ ಕೈ ನಿನ್ನೆಯದೇ, ದಾರಿಯೂ ನಿನ್ನೆಯದೇ. ಆದರೆ ‘ಈ ಮನೆ ಯಾರಿಗೆ ಹೋದೀತು’ ಎಂಬ ಯೋಚನೆ ಒಮ್ಮೆ ಹೊಕ್ಕಿತೆಂದರೆ ಆ ಮುಳ್ಳು ಸೇರಿತೆಂದೇ ಅರ್ಥ. ಅಂದಿನಿಂದ ವೃದ್ಧರ ಆಯುಷ್ಯವೇ ಸೇವಕನಿಗೆ ವಿಳಂಬವಾಗಿ ಕಾಣತೊಡಗುತ್ತದೆ. ಇನ್ನೊಂದು ಜೀವದ ಅಂತ್ಯವನ್ನು ಎದುರುನೋಡುವ ಭಾವ ಹಿಂಸೆಯಲ್ಲದೆ ಮತ್ತೇನು? ನಿರೀಕ್ಷೆಯಿಲ್ಲದೆ ಬಂದ ಆಸ್ತಿಗೂ ನಿರೀಕ್ಷಿಸಿ ಪಡೆದ ಆಸ್ತಿಗೂ ಪತ್ರದಲ್ಲಿ ಭೇದವಿಲ್ಲ. ಕರ್ಮಬಂಧದಲ್ಲಿ ಅಪಾರ ಭೇದವಿದೆ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ದತ್ತಿಗಳಿವೆ. ಕೊನೆಯದಾದ ಅನ್ವಯದತ್ತಿಯಲ್ಲಿ ಗೃಹಸ್ಥನು ತನ್ನ ಮಗನಿಗೆ ಧನವನ್ನಷ್ಟೇ ಅಲ್ಲ, ಧರ್ಮವನ್ನೂ ಕುಟುಂಬದ ಹೊಣೆಯನ್ನೂ ಒಪ್ಪಿಸುತ್ತಾನೆ. ಈ ಮಾತನ್ನು ಇಲ್ಲಿಗೂ ಅನ್ವಯಿಸಿ ನೋಡಬಹುದು. ಮಗನ ಸ್ಥಾನದಲ್ಲಿ ನಿಂತು ಆಸ್ತಿ ಪಡೆದವರಿಗೆ ಮಗನ ಹೊಣೆಯೂ ಬಂದಂತೆ. ಹಿರಿಯರು ನಡೆಸಿಕೊಂಡು ಬಂದ ದಾನಧರ್ಮ ನಿಲ್ಲಬಾರದು. ಅವರ ಸಾಲ ಉಳಿಯಬಾರದು. ಅವರ ಬಂಧುಗಳೊಡನೆ ದ್ವೇಷ ಬೆಳೆಯಬಾರದು. ತಾಯಿಯ ಒಂದು ಭಾವಚಿತ್ರಕ್ಕಾಗಿ ದೂರದ ಮಗಳು ಬಂದರೆ ಬಾಗಿಲು ಮುಚ್ಚುವುದು ಪಡೆದವರಿಗೆ ಶೋಭೆಯಲ್ಲ.

ಇನ್ನೂ ಕಠಿಣವಾದುದು ಪರಿಗ್ರಹ ಪರಿಮಾಣ ವ್ರತ. ಹೊಲ, ಮನೆ, ಚಿನ್ನ, ಧಾನ್ಯ ಇಷ್ಟೇ ಸಾಕೆಂದು ಗೃಹಸ್ಥನು ಮಿತಿ ಹಾಕಿಕೊಳ್ಳುತ್ತಾನೆ. ಒಂದು ಮನೆ ಸಾಕೆಂದು ವ್ರತ ತೊಟ್ಟ ವ್ಯಾಪಾರಿಗೆ ಇನ್ನೊಂದು ಮನೆ ತಾನಾಗಿ ಬಂದರೆ? ‘ನಾನು ಕೇಳಲಿಲ್ಲ, ಅದಾಗಿ ಬಂತು’ ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಮಿತಿಯನ್ನು ಮೀರುವುದು ಅತಿಚಾರವೇ. ಮಿತಿಗೆ ಹೆಚ್ಚಾದದ್ದು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ಹರಿಯಬೇಕು. ವೃದ್ಧರೊಬ್ಬರ ಮನೆ ಊರಿನ ಇತರ ವೃದ್ಧರ ಔಷಧಕ್ಕೆ, ಬಡಮಕ್ಕಳ ಓದಿಗೆ ದಾರಿಯಾದರೆ, ಕೊಟ್ಟವರ ಪುಣ್ಯವೂ ಪಡೆದವರ ವ್ರತವೂ ಉಳಿಯುತ್ತವೆ.

ವೈಯಾವೃತ್ಯ, ಅಂದರೆ ಪೂಜ್ಯರ, ಪೀಡಿತರ ಶುಶ್ರೂಷೆ, ಜಿನಧರ್ಮದಲ್ಲಿ ಅಂತರಂಗ ತಪಸ್ಸುಗಳಲ್ಲೊಂದು. ಅದು ಮುನಿಗಳ ವಿಷಯದಲ್ಲಿ ಹೇಳಿದ್ದಾದರೂ ಅದರ ನೆರಳು ಗೃಹಸ್ಥನ ಬಾಳಿನ ಮೇಲೂ ಬೀಳಬೇಕು. ಉಯಿಲಿನಲ್ಲಿ ಹೆಸರಿರಲಿ ಇಲ್ಲದಿರಲಿ, ನಾಳೆ ಬೆಳಿಗ್ಗೆಯೂ ಆ ಬಾಗಿಲಿಗೆ ಹಾಲು ತಲುಪಬೇಕು. ಅಷ್ಟು ನಿಶ್ಚಯ ಇದ್ದವರಿಗೆ ಆಸ್ತಿ ಬಂದರೂ ಭಾರವಾಗದು, ಬಾರದಿದ್ದರೂ ಕೊರತೆಯಾಗದು.