ಬೇಲಿಯ ಓತಿ ಕಡಲು ದಾಟಿದ ಬಗೆ

ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಬೆಳೆದವರಿಗೆ ಓತಿಕ್ಯಾತನ ಪರಿಚಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೇಲಿಯ ಗೂಟದ ಮೇಲೆ ಕುಳಿತು ತಲೆಯಾಡಿಸುವ ಆ ಪ್ರಾಣಿಗೆ ಕಲ್ಲೆಸೆಯದ ಹುಡುಗನಿಲ್ಲ, ನಾನೂ ಎಸೆದವನೇ. ಆದರೆ ಈ ಬಡಪಾಯಿಯನ್ನು ದಾಳಿಕೋರನೆಂದು ಕರೆಯುವ ನಾಡುಗಳಿವೆಯೆಂದರೆ ನಂಬುವಿರಾ?

19ನೆಯ ಶತಮಾನದಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಜಾವಾದಿಂದ ಕಬ್ಬನ್ನು ತರಿಸಿದರು. ನಮ್ಮ ಕೆ.ಆರ್. ನಗರದ ಕಬ್ಬಿನ ಗದ್ದೆಯಲ್ಲಿ ಅಡಗುವಂತೆಯೇ ಓತಿಯು ಆ ಹೊರೆಗಳಲ್ಲಿಯೂ ಅಡಗಿ ಕಡಲು ದಾಟಿತು. ಇಂದು ಅದು ನೆರೆಯ ಮಾರಿಷಸ್ಸಿನಲ್ಲಿಯೂ ನೆಲೆಸಿದೆ. ಎರೆಹುಳುವೆಂದೇ ನಾವು ಭ್ರಮಿಸುವ ಪುಟ್ಟ ಕುರುಡು ಹಾವಿನ ಕಥೆ ಇನ್ನೂ ವಿಚಿತ್ರವಾದುದು. ಅದರಲ್ಲಿ ಗಂಡೇ ಇಲ್ಲ. ಹೆಣ್ಣು ತಾನೊಂದೇ ಸಂತಾನವನ್ನು ಪಡೆಯುತ್ತದೆ. ಹೂಕುಂಡದ ಮಣ್ಣಿನಲ್ಲಿ ಒಂದು ಹಾವು ಸೇರಿಕೊಂಡರೂ ಸಾಕು, ಒಂದು ವಂಶವೇ ಪಯಣ ಹೊರಟಂತೆ. ಹೀಗೆ ಅದು ಹವಾಯಿಯವರೆಗೂ ಹೋಗಿದೆ.

ಮನುಷ್ಯನ ನೆರವಿಲ್ಲದೆಯೂ ಇಂತಹ ಪ್ರಯಾಣ ನಡೆಯುವುದುಂಟು. 1995ರ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಕಡಲಿನಲ್ಲಿ ಎರಡು ಚಂಡಮಾರುತಗಳು ಬೀಸಿದವು. ಸುಮಾರು ಒಂದು ತಿಂಗಳ ಬಳಿಕ, ಬುಡಮೇಲಾದ ಮರಗಳ ತೆಪ್ಪವೊಂದು ಆಂಗ್ವಿಲ್ಲಾ ದ್ವೀಪದ ದಡಕ್ಕೆ ತೇಲಿಬಂದಿತು. ಅದರೊಡನೆ ಬಂದಿಳಿದ ಹಸಿರು ಇಗ್ವಾನಾಗಳು ಕನಿಷ್ಠ 15. ಅಲ್ಲಿ ಆ ಜಾತಿ ಹಿಂದೆ ಇರಲಿಲ್ಲ. ಆದರೆ ಗಾಳಿಯ ಇಂತಹ ದೋಣಿ ಅಪರೂಪ. ಮನುಷ್ಯನ ಹಡಗಾದರೋ ದಿನವೂ ಹೊರಡುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಸರಕಿನೊಡನೆ ಕಂದುಬಣ್ಣದ ಮರಹಾವೊಂದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪವನ್ನು ಹೊಕ್ಕಿತು. ಮರಹತ್ತುವ ಇಂತಹ ಹಾವನ್ನೇ ಕಂಡರಿಯದ ಅಲ್ಲಿನ ಹಕ್ಕಿಗಳಿಗೆ ಗೂಡು ಕಾಯುವ ಉಪಾಯ ತಿಳಿದಿರಲಿಲ್ಲ. ಅಲ್ಲಿನ 12 ಬಗೆಯ ಕಾಡುಹಕ್ಕಿಗಳಲ್ಲಿ 10 ಬಗೆಯವು ಆ ಕಾಡಿನಿಂದ ಕಾಣೆಯಾದವು. ಹಾವಿನ ತಪ್ಪೇನು? ಅದು ತನ್ನ ಹಸಿವೆಯನ್ನು ಹಿಂಗಿಸಿಕೊಂಡಿತು. ತವರಿನಲ್ಲಿ ಅದನ್ನು ಹದ್ದಿನಲ್ಲಿಟ್ಟಿದ್ದ ವೈರಿಗಳು ಹೊಸ ನೆಲದಲ್ಲಿರಲಿಲ್ಲ, ಅಷ್ಟೆ.

ಇದು ದೂರದ ದ್ವೀಪಗಳ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಅಂದಕ್ಕೆಂದು ಅಮೆರಿಕ ಖಂಡದಿಂದ ಭಾರತಕ್ಕೆ ತಂದ ಲಂಟಾನ ಎಚ್.ಡಿ. ಕೋಟೆಯ ಕಾಡಿನಲ್ಲಿ ಹುಲ್ಲಿಗೆ ಎಡೆಗೊಡದಂತೆ ಹಬ್ಬಿರುವುದನ್ನು ನೋಡಿದವರು ಬಲ್ಲರು. ಇನ್ನು ನಮ್ಮ ಕೆರೆಗಳು: ಸುತ್ತಲೂ ಒಣನೆಲವಿದ್ದು ನಡುವೆ ನೀರಿರುವ ಕೆರೆಯು, ಅದರೊಳಗಿನ ಜೀವಿಗಳ ಪಾಲಿಗೆ ಒಂದು ದ್ವೀಪವೇ ಅಲ್ಲವೆ? ಕಿವಿಯೆಡೆಯಲ್ಲಿ ಕೆಂಪು ಪಟ್ಟೆಯುಳ್ಳ ಅಮೆರಿಕದ ಆಮೆಮರಿಯನ್ನು ನಗರಗಳಲ್ಲಿ ಆಟಿಕೆಯಂತೆ ಕೊಳ್ಳುತ್ತಾರೆ. ಅದು ಅಂಗೈಯಗಲಕ್ಕಿಂತ ದೊಡ್ಡದಾಗಿ ಬೆಳೆದು, ಗಾಜಿನ ತೊಟ್ಟಿ ಸಾಲದಾದಾಗ, ಪಾಪವೆಂದು ಕೆರೆಗೆ ಬಿಡುತ್ತಾರೆ. ಕೇರಳದಲ್ಲಿಯೂ ಈಶಾನ್ಯ ಭಾರತದಲ್ಲಿಯೂ ಅದು ಈಗಾಗಲೇ ಹೊರಗಿನ ನೀರಿನಲ್ಲಿ ಕಂಡುಬಂದಿದೆ. ಅದು ನಮ್ಮ ಕೆರೆಯಾಮೆಯ ಆಹಾರಕ್ಕೂ ಬಿಸಿಲು ಕಾಯುವ ಬಂಡೆಗೂ ಪೈಪೋಟಿ ಹೂಡಬಲ್ಲದು.

ಸಾಕಲಾರದವರು ಮೃಗಾಲಯದವರನ್ನೋ ಅರಣ್ಯ ಇಲಾಖೆಯವರನ್ನೋ ವಿಚಾರಿಸಲಿ. ಕೆರೆಗೆ ಮಾತ್ರ ಬಿಡದಿರಲಿ. ಒಂದು ಆಮೆಯ ಮೇಲಿನ ಕನಿಕರಕ್ಕೆ ಕೆರೆಯ ಆಮೆಗಳೆಲ್ಲ ಬೆಲೆ ತೆರಬೇಕಾದೀತು.