ಬೋರ್ಡು ಕೆಟ್ಟಿಲ್ಲ, ಡ್ರೈವರ್ ಬೇರೆ: ಓಪನ್‌ಒಸಿಡಿ ಕಟ್ಟಿಕೊಳ್ಳುವ ಬಗೆ

ಕನ್ನಡ ಎಂ.ಎ. ಓದುವವರಿಗೆ ಈ ವಿಷಯ ಯಾಕೆ ಅಂತ ಕೇಳಬಹುದು. ಕನ್ನಡ ಮಾತಾಡುವ ಯಂತ್ರ ಬೇಕು ಅಂತ ನಾವು ಪ್ರಬಂಧ ಬರೀತೀವಿ. ಅದರ ಚಿಪ್ಪಿಗೆ ಮೊದಲ ಪ್ರೋಗ್ರಾಂ ಹೆಂಗ ಇಳಿಸ್ತಾರ ಅನ್ನೋದು ಮಾತ್ರ ಬರೆಯೋದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಸಾಫ್ಟ್‌ವೇರ್ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದ ಗುರಿಯೇ ಓದು ಬಾರದವರಿಗೂ ಅವರ ಭಾಷೆಯಲ್ಲಿ ಉತ್ತರ ಕೊಡುವುದಾಗಿತ್ತು. ಅಂಥ ಯಾವ ಯಂತ್ರವೂ ಖಾಲಿ ಬೋರ್ಡಿನಿಂದಲೇ ಶುರುವಾಗಬೇಕು.

ಫ್ಲಾಶ್ ಖಾಲಿ ಇದ್ದಾಗ ಪರದೆ, ಕೀಲಿಮಣೆ ಯಾವುದೂ ಕೆಲಸಕ್ಕ ಬರಂಗಿಲ್ಲ. ಆಗ ಬಹಳ ಬೋರ್ಡುಗಳಿಗೆ ಒಳಹೋಗುವ ಬಾಗಿಲು ಜೆಟ್ಯಾಗ್, 1990ರಲ್ಲಿ ಮಾನಕವಾದದ್ದು. ಮುಖ್ಯ ತಂತಿಗಳು ನಾಲ್ಕೇ. ಲ್ಯಾಪ್‌ಟಾಪಿನಲ್ಲಿ ಆ ತಂತಿಗಳಿಲ್ಲ, ಯುಎಸ್‌ಬಿ ಇದೆ. ನಡುವೆ ಎಫ್‌ಟಿ2232ಎಚ್ ಥರದ ಅಡಾಪ್ಟರ್ ಕೂಡುತ್ತದೆ. ಅದನ್ನು ನಡೆಸುವ ಓಪನ್‌ಒಸಿಡಿ 2005ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನ ವಿದ್ಯಾರ್ಥಿ ಡೊಮಿನಿಕ್ ರಾತ್ ಅವರ ಪದವಿ ಪ್ರಬಂಧ. ನಮ್ಮ ಪ್ರಬಂಧಗಳು ಕಪಾಟು ಸೇರ್ತಾವ, ಅದು ಇರಲಿ.

ಲಿನಕ್ಸಿನಲ್ಲಿ ಮೂಲ ಇಳಿಸಿಕೊಂಡು ಬೂಟ್‌ಸ್ಟ್ರಾಪ್, ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಕ್ರಮವಾಗಿ ನಡೆಸಬೇಕು. ಇಲ್ಲಿ ನಿಂತು ನೋಡಬೇಕಾದದ್ದು ಕಾನ್ಫಿಗರ್ ಕೊನೆಗೆ ಮುದ್ರಿಸುವ ಪಟ್ಟಿ. ಲಿಬ್‌ಯುಎಸ್‌ಬಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲದಿದ್ದರೆ ನಿಮ್ಮ ಅಡಾಪ್ಟರಿನ ಮುಂದೆ 'ನೋ' ಅಂತ ಬರುತ್ತದೆ. ಆದರೂ ಮೇಕ್ ಸುಸೂತ್ರವಾಗಿ ಮುಗಿಯುತ್ತದೆ! ಅಡಾಪ್ಟರನ್ನೇ ಅರಿಯದ ಸಾಫ್ಟ್‌ವೇರ್ ಕೈಗೆ ಬರ್ತದ.

ಮುಂದಿನದು ಡ್ರೈವರ್. ಲಿನಕ್ಸಿನಲ್ಲಿ 'ಆಕ್ಸೆಸ್' ದೋಷ ಬಂದರೆ ಅನುಮತಿ ಇಲ್ಲ ಅಂತ ಅರ್ಥ, ಬೋರ್ಡು ಸುಟ್ಟದ್ದಲ್ಲ. ಬಹಳ ಮಂದಿ ಸುಡೋ ಹಚ್ಚಿ ಮುಂದ ಹೋಗ್ತಾರ. ನನಗದು ಸರಿ ಅನಿಸೋದಿಲ್ಲ. ಮೂಲದ ಕಾಂಟ್ರಿಬ್ ಕಡತಕೋಶದಲ್ಲಿರುವ ಯುಡೆವ್ ನಿಯಮಗಳ ಕಡತವನ್ನು ಸಿಸ್ಟಮ್ಮಿನ ನಿಯಮಗಳ ಜಾಗಕ್ಕೆ ನಕಲಿಸಿ, ನಿಯಮಗಳನ್ನು ಮತ್ತೆ ಓದಿಸಿ, ಅಡಾಪ್ಟರ್ ಕಿತ್ತು ಮತ್ತೆ ಚುಚ್ಚಿದರೆ ಸಾಮಾನ್ಯವಾಗಿ ಸಾಕು.

ವಿಂಡೋಸಿನ ತೊಡಕು ಬೇರೆ. ಅಲ್ಲಿ ಎಫ್‌ಟಿಡಿಐ ಕಂಪನಿಯ ಡ್ರೈವರ್ ಅಡಾಪ್ಟರನ್ನು ಮೊದಲೇ ಹಿಡಿದಿರುತ್ತದೆ. ಓಪನ್‌ಒಸಿಡಿಗೆ ಬೇಕಾದದ್ದು ವಿನ್‌ಯುಎಸ್‌ಬಿ. ಜಾಡಿಗ್ ಎಂಬ ಸಣ್ಣ ಸಾಧನದಿಂದ ಬದಲಿಸಬಹುದು. ಎಫ್‌ಟಿ2232ಎಚ್‌ಗೆ ಎರಡು ಚಾನೆಲ್. ಜೆಟ್ಯಾಗ್ ಸಾಮಾನ್ಯವಾಗಿ ಮೊದಲನೆಯದರಲ್ಲಿ, ಅದನ್ನಷ್ಟೇ ಬದಲಿಸಿ. ಎರಡನ್ನೂ ಬದಲಿಸಿದರೆ ಸೀರಿಯಲ್ ಪೋರ್ಟ್ ಮಾಯ. ಪಟ್ಟಿಯಲ್ಲಿ ನಿಮ್ಮ ಮೌಸ್, ಕೀಲಿಮಣೆಯೂ ಇರ್ತಾವ, ಹೆಸರು ಓದಿ ಒತ್ರಿ.

ಎಲ್ಲ ಸರಿಯಾದಾಗ ಚಿಪ್ಪು ತನ್ನ ಐಡಿಕೋಡ್ ಹೇಳುತ್ತದೆ. 32 ಬಿಟ್: ಆವೃತ್ತಿಗೆ 4, ಭಾಗಕ್ಕೆ 16, ತಯಾರಕರಿಗೆ 11, ಕೊನೆಯದು ಸದಾ 1. ನಮ್ಮ ಅಲಂಪುರದ ನವಬ್ರಹ್ಮ ಗುಡಿಗಳ ಬಳಿಯ ಮ್ಯೂಸಿಯಂನಾಗ ಶಾಸನದ ಮುಂದೆ ನಿಂತಾಗ ಮೊದಲು ಅರಸ ಯಾರು, ಕಾಲ ಯಾವುದು ಅಂತ ಹುಡುಕ್ತೀವಲ್ಲ, ಅಂಥದೇ ಓದು ಇದು.

ಚಾಟಿನಲ್ಲಿ ಒಂದು ಪ್ರಶ್ನೆ ಬಂದಿದೆ: ಐಡಿಕೋಡ್ ಬರೀ ಒಂದುಗಳೋ ಬರೀ ಸೊನ್ನೆಗಳೋ ಬಂದರೆ? ಆಗ ಅಡಾಪ್ಟರ್ ತೆರೆದುಕೊಂಡಿದೆ ಅಂತಾಯ್ತು, ಡ್ರೈವರ್ ಮುಟ್ಟಬ್ಯಾಡ್ರಿ. ಬೋರ್ಡಿಗೆ ವಿದ್ಯುತ್ ಇದೆಯೇ, ಗ್ರೌಂಡ್ ತಂತಿ ಕೂಡಿದೆಯೇ, ಟಿಡಿಐ, ಟಿಡಿಒ ಅದಲುಬದಲಾಗಿವೆಯೇ ನೋಡಿ. ಕೋಡ್ ಒಮ್ಮೆ ಬಂದು ಒಮ್ಮೆ ತಪ್ಪುತ್ತಿದ್ದರೆ ತಂತಿ ಉದ್ದವಾಗಿರಬಹುದು. ಅಡಾಪ್ಟರ್ ವೇಗವನ್ನು 100 ಕಿಲೋಹರ್ಟ್ಸ್‌ಗೆ ಇಳಿಸಿ ಮತ್ತೆ ಓದಿಸಿ.